ಚಿತ್ರದುರ್ಗದ ಶಿಲಾಜಲವಿನ್ಯಾಸ

ಕನ್ನಡನಾಡಿನ ಪ್ರಾಚೀನ ಚಿತ್ರಗಳಲ್ಲಿ ದೇವತೆಗಳೂ ಮನುಷ್ಯರೂ ಪ್ರಧಾನರು. ಗಿರಿ, ಶಿಲೆ, ಜಲಗಳು ಅವರ ಹಿಂದೆ ನಿಲ್ಲುವ ಪರಿಕರಗಳು. ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಮೇಲ್ಛಾವಣಿಯ ವರ್ಣಚಿತ್ರಗಳಲ್ಲಿಯೂ ಪುರಾಣಕಥೆಯೇ ಮುಖ್ಯವಾಗಿದೆ. ಇದರಿಂದ ಪ್ರಕೃತಿದೃಶ್ಯವನ್ನೇ ಕಲಾವಸ್ತುವನ್ನಾಗಿ ಕಾಣುವ ದೃಷ್ಟಿ ಈ ನಾಡಿನವರಿಗೆ ಇರಲಿಲ್ಲವೆಂದು ತೀರ್ಮಾನಿಸುವುದು ಸುಲಭ. ಆದರೆ ಆ ದೃಷ್ಟಿಯನ್ನು ಭಿತ್ತಿಯಲ್ಲಿ ಅರಸದೆ ನೆಲದಲ್ಲಿ ಅರಸಿದರೆ ಬೇರೆಯೇ ಉತ್ತರವು ದೊರೆಯುವುದು.

ಇದಕ್ಕೆ ಜಪಾನಿನ ಸೆಸ್ಶೂವಿನ ನಿದರ್ಶನವು ಉಪಯುಕ್ತವಾದುದು. 1420ರಲ್ಲಿ ಹುಟ್ಟಿದ ಈ ಝೆನ್ ಭಿಕ್ಷುವು 1467ರಿಂದ 1469ರವರೆಗೆ ಚೀನಾದಲ್ಲಿ ಸಂಚರಿಸಿ, ಮಸಿಯೊಂದರಿಂದಲೇ ಗಿರಿಜಲಗಳನ್ನು ಬರೆಯುವ ವಿಧಾನದಲ್ಲಿ ಪರಿಣತನಾದನು. 1486ರ ಅವನ ದೀರ್ಘ ಚಿತ್ರಸುರುಳಿಯ ಉದ್ದವು ಸುಮಾರು 16 ಮೀಟರು. ನೋಡುವವನು ಅದರಲ್ಲಿ ನಡೆದುಹೋಗುವಂತೆ ಋತುಗಳನ್ನು ದಾಟುವನು. 1495ರ ಚಿತ್ರದಲ್ಲಿಯಾದರೋ ಕೆಲವೇ ಮಸಿಯ ಎರಚುಗಳು ಬಂಡೆಯೂ ಮರವೂ ಆಗುತ್ತವೆ. ಉಳಿದ ಬಿಳಿಯ ಕಾಗದವೇ ಮಂಜೂ ನೀರೂ ಆಗುತ್ತದೆ. ಯಾಮಾಗುಚಿಯ ಜೋಯೆಯಿಜಿ ವಿಹಾರದ ತೋಟವೂ ಅವನದೆಂದು ಪರಂಪರೆಯು ಹೇಳುತ್ತದೆ. ಅಲ್ಲಿ ಕುಂಚದ ಕೆಲಸವನ್ನು ಕಲ್ಲು ಮಾಡುತ್ತದೆ, ಬರಿಯ ಕಾಗದದ ಕೆಲಸವನ್ನು ಕೊಳವೂ ಹುಲ್ಲುನೆಲವೂ ಮಾಡುತ್ತವೆ. ಆದುದರಿಂದ ಚಿತ್ರವೂ ತೋಟವೂ ಒಂದೇ ವಿದ್ಯೆಯ ಎರಡು ರೂಪಗಳು. ಇರುವ ವಸ್ತುವನ್ನೂ ಬಿಟ್ಟ ತೆರಪನ್ನೂ ಪರಸ್ಪರ ಹೊಂದಿಸುವುದೇ ಆ ವಿದ್ಯೆ.

ಈ ಲಕ್ಷಣವನ್ನು ಮನಸ್ಸಿನಲ್ಲಿಟ್ಟುಕೊಂಡು ಚಿತ್ರದುರ್ಗವನ್ನು ನೋಡತಕ್ಕುದು. ಶಾಸನಗಳಲ್ಲಿ ಬೆಮ್ಮತ್ತನಕಲ್ಲು ಎನಿಸಿಕೊಂಡ ಈ ಸ್ಥಳದ ಹೆಸರಿನಲ್ಲಿಯೇ ಕಲ್ಲು ಉಂಟು. ಬೆಟ್ಟದಡಿಯ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ನಾಲ್ಕನೆಯ ಶತಮಾನದ ಪ್ರಾಕೃತ ಶಾಸನವು ತಟಾಕವೊಂದನ್ನು ಹೇಳುತ್ತದೆ. ಬಂಡೆಗಳ ನಡುವೆ ನೀರನ್ನು ನಿಲ್ಲಿಸುವ ಬುದ್ಧಿಯು ಅಷ್ಟು ಹಿಂದಿನದು. ಮುಂದೆ ನಾಯಕರ ಕಾಲದಲ್ಲಿ ಏಳು ಸುತ್ತಿನ ಕೋಟೆಯು ಬಂಡೆಯನ್ನು ಒಡೆದು ಸಮಮಾಡದೆ, ಅದರ ಏರಿಳಿತವನ್ನೇ ಅನುಸರಿಸಿ ಬೆಳೆಯಿತು; ಎಷ್ಟೋ ಕಡೆ ಗೋಡೆಯು ಎಲ್ಲಿ ಮುಗಿದು ಗುಂಡು ಎಲ್ಲಿ ಮೊದಲಾಗುವುದೆಂದು ತಿಳಿಯದು. ಮೇಲೆ ಸುರಿದ ಮಳೆಯು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುವುದು. ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೂ, ಅಲ್ಲಿಂದ ಸಿಹಿನೀರು ಹೊಂಡಕ್ಕೂ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೂ ಇಳಿಯುವುದು. ಸುರುಳಿಯನ್ನು ಬಿಚ್ಚಿದಂತೆ ದೃಶ್ಯವು ಬೆಟ್ಟದಿಂದ ಊರಿಗೆ ಬಿಚ್ಚಿಕೊಳ್ಳುತ್ತದೆ.

ಎರಡಕ್ಕೂ ಭೇದವಿಲ್ಲದಿಲ್ಲ. ಸೆಸ್ಶೂವಿನ ತೆರಪು ಧ್ಯಾನಕ್ಕಾಗಿ. ದುರ್ಗದ ಹೊಂಡವು ಬರಕ್ಕೂ ಮುತ್ತಿಗೆಗೂ ಪ್ರತಿಯಾಗಿ. ಮಳೆ ವಿರಳವಾದ ಈ ಸೀಮೆಯಲ್ಲಿ ಸೌಂದರ್ಯವು ಅವಶ್ಯಕತೆಯನ್ನು ಹಿಂಬಾಲಿಸಿ ಬಂದಿತು. ಆದರೂ ಕಲ್ಲಿನ ಸ್ವಭಾವವನ್ನು ಮೀರದೆ, ನೀರಿನ ದಾರಿಯನ್ನು ಕೆಡಿಸದೆ ಕಟ್ಟುವ ವಿನಯವು ಇಬ್ಬರಲ್ಲಿಯೂ ಸಮಾನವಾದುದು.

ಈ ದೃಷ್ಟಿಯಿಂದ ಎರಡು ಮಾತುಗಳು ಸಿದ್ಧಿಸುತ್ತವೆ. ಕಾವ್ಯದ ಗಿರಿವರ್ಣನೆ ಸರೋವರವರ್ಣನೆಗಳನ್ನು ಪಾಠ ಹೇಳುವವರು ಅವನ್ನು ಬರಿಯ ಅಷ್ಟಾದಶವರ್ಣನೆಗಳ ಲೆಕ್ಕಕ್ಕೆ ಸೇರಿಸದೆ, ಇಂತಹ ನೆಲದ ಅನುಭವದೊಡನೆ ಹೋಲಿಸಿ ನೋಡಬಹುದು. ಇನ್ನೊಂದು, 1779ರಲ್ಲಿ ಹೈದರಾಲಿಗೆ ವಶವಾದ ಮೇಲೂ ಕೋಟೆಯ ಗೋಡೆಗಳು ಉಳಿದುವು. ಆದರೆ ಗೋಡೆಯನ್ನು ರಕ್ಷಿಸಿ ಹೊಂಡಗಳ ನಡುವಣ ಕಾಲುವೆಯನ್ನು ಮುಚ್ಚಗೊಟ್ಟರೆ, ಚಿತ್ರದ ಮಸಿಯನ್ನು ಉಳಿಸಿ ಕಾಗದವನ್ನು ಹರಿದಂತಾಗುವುದು. ಹರಿಯುವ ನೀರೂ ಆ ಕೃತಿಯ ಒಂದು ಅಂಗವೇ.