ತೂತುಬಿದ್ದ ಕವಚ

ಕವಚವೆಂದೊಡನೆ ನಮ್ಮ ನೆನಪಿಗೆ ಬರುವವನು ಕರ್ಣ. ಅವನ ಕವಚ ಮೈಯೊಡನೆ ಹುಟ್ಟಿದ್ದು. ದಾನಕೊಡುವಾಗ ಅದನ್ನು ಮೈಯಿಂದಲೇ ಕತ್ತರಿಸಿ ತೆಗೆಯಬೇಕಾಯಿತು. ಫ್ರಾನ್ಸಿನ ಕ್ವಿರಾಸಿಯೇ ಎಂಬ ಭಾರಿ ಅಶ್ವದಳದ ಸವಾರನ ಕವಚಕ್ಕೆ ಅಂಥ ಹುಟ್ಟಿಲ್ಲ. ಅದು ಸರ್ಕಾರದ ಸೊತ್ತು. ಕಾರ್ಖಾನೆಯ ಹೆಸರು, ತಯಾರಾದ ತಿಂಗಳು, ವರ್ಷ, ಉದ್ದಗಲದ ಅಳತೆ, ಇವೆಲ್ಲ ಅದರ ಒಳಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಕೊರೆದಿರುತ್ತವೆ. ಒಬ್ಬನ ಸೇವೆ ಮುಗಿದರೆ ಅದೇ ಲೋಹ ಮತ್ತೊಬ್ಬನ ಎದೆಯನ್ನು ಕಾಯಲು ಹೊರಡುತ್ತಿತ್ತು.

ಇಂಥ ಕವಚಗಳನ್ನೂ ಶಿರಸ್ತ್ರಾಣಗಳನ್ನೂ ಅರಸಿ ಕೂಡಿಡುವ ಹವ್ಯಾಸಿಗಳು ಯೂರೋಪಿನಲ್ಲಿ ಇಂದಿಗೂ ಉಂಟು. ಉಕ್ಕಿನ ತಲೆಗಾಪು, ಅದರ ನೆತ್ತಿಯ ಮೇಲೆ ಹಿತ್ತಾಳೆಯ ಶಿಖೆ, ಶಿಖೆಯಿಂದ ಬೆನ್ನಿನ ಮೇಲಕ್ಕೆ ಇಳಿಬಿದ್ದ ಕುದುರೆಗೂದಲ ಜಡೆ. ಕಂಡವರ ಕಣ್ಣು ಒಮ್ಮೆ ಅಲ್ಲಿ ನಿಲ್ಲದೆ ಇರದು. ಆ ಜಡೆ ಬರಿಯ ಸಿಂಗಾರವಲ್ಲ. ಹಿಂದಿನಿಂದ ಬೀಸಿದ ಕತ್ತಿಯ ಏಟನ್ನು ಕುತ್ತಿಗೆಗೆ ತಾಗದಂತೆ ತಡೆಯುವುದು ಅದರ ಕೆಲಸ. ಆದರೆ ಬಂದೂಕದ ಯುಗದಲ್ಲಿ ಈ ಹೊಳಪೇ ಹಗೆಯಾಯಿತು. 1914ರ ಯುದ್ಧಕ್ಕೆ ಹೊರಟ ಸವಾರರು ಕವಚದ ಮೇಲೂ ಶಿರಸ್ತ್ರಾಣದ ಮೇಲೂ ಬಟ್ಟೆಯ ಗವಸು ತೊಡಿಸಬೇಕಾಯಿತು. ಮಿನುಗಿದರೆ ದೂರದ ಗುರಿಕಾರನಿಗೆ ತಾವೇ ಗುರಿ ತೋರಿಸಿದಂತೆ!

ಪಳಗಿದ ಸಂಗ್ರಾಹಕ ಮೊದಲು ನೋಡುವುದು ಹೊಳಪನ್ನಲ್ಲ. ಎದೆಯ ಹಲಗೆಯೂ ಬೆನ್ನಿನ ಹಲಗೆಯೂ ಒಂದೇ ಜೋಡಿಯವೇ, ಅಂಕಿಗಳು ಹೊಂದುತ್ತವೆಯೆ, ಜಡೆಯ ಕೂದಲು ಹಳೆಯದೋ ಹೊಸದಾಗಿ ಕಟ್ಟಿದ್ದೋ ಎಂದು ಪರೀಕ್ಷಿಸುತ್ತಾನೆ. ಅನುಭವವಿಲ್ಲದವನು ಮಾಡುವ ಮೊದಲ ಕೆಲಸ ಉಜ್ಜುವುದು. ಉಜ್ಜಿದಷ್ಟೂ ಅಕ್ಷರಗಳು ಸವೆಯುತ್ತವೆ. ತಗ್ಗುಗಳನ್ನು ಬಡಿದು ಸಮಮಾಡಿದರೆ ಕವಚ ಮೂಕವಾಗುತ್ತದೆ. ಕನ್ನಡಿಯಂತಾದ ಕವಚದಲ್ಲಿ ಕಾಣುವುದು ಒಡೆಯನ ಮುಖ, ತೊಟ್ಟವನದಲ್ಲ.

ಈ ಸೂಕ್ಷ್ಮವನ್ನರಿತವರಲ್ಲಿ ಚಿತ್ರಕಾರ ಎದುವಾರ್ ದೆತಾಯ್ ಒಬ್ಬನು. 1870ರ ಆಗಸ್ಟ್ 6ರಂದು ಆಲ್ಸಾಸಿನ ಮಾರ್ಸ್‌ಬ್ರಾನ್ ಎಂಬ ಹಳ್ಳಿಯ ಇಕ್ಕಟ್ಟಾದ ಬೀದಿಗೆ ಕ್ವಿರಾಸಿಯೇಗಳು ನುಗ್ಗಿ, ಪ್ರಷ್ಯನ್ನರ ಗುಂಡಿಗೆ ಸಿಕ್ಕು ನಾಶವಾದರು. ಆ ದುರಂತವನ್ನು ಅವನು 1874ರಲ್ಲಿ ಚಿತ್ರಿಸಿದನು. ಸಮವಸ್ತ್ರದ ಒಂದು ಗುಂಡಿಯೂ ತಪ್ಪಬಾರದೆಂಬ ಛಲದಿಂದ ಹಳೆಯ ಉಡುಪು, ಆಯುಧಗಳನ್ನು ಮನೆತುಂಬ ಕೂಡಿಹಾಕಿದ್ದನು. ಅವನೂ ಅವನ ಗುರು ಮೆಸೋನಿಯೇಯೂ ಸೇರಿದ್ದ ಆಸಕ್ತರ ಸಂಘದ ಪ್ರಯತ್ನದಿಂದ ಸೈನ್ಯದ ಇತಿಹಾಸಕ್ಕೊಂದು ಸಂಗ್ರಹಾಲಯ ಹುಟ್ಟಿತು. 1905ರಲ್ಲಿ ಅದು ಫಿರಂಗಿಗಳ ಸಂಗ್ರಹಾಲಯದೊಡನೆ ಕೂಡಿ, ಪ್ಯಾರಿಸಿನ ಆಂವಾಲೀದ್ ಕಟ್ಟಡದಲ್ಲಿರುವ ಇಂದಿನ ಸೈನ್ಯ ಸಂಗ್ರಹಾಲಯವಾಯಿತು. ಕೂಡಿಡುವ ಆಸೆ ಹೀಗೆ ಕೊಡುವುದರಲ್ಲಿ ಸಾರ್ಥಕವಾಯಿತು.

ಅದೇ ಸಂಗ್ರಹಾಲಯದಲ್ಲಿ ಒಂದು ಕವಚವಿದೆ. ಹಿತ್ತಾಳೆಯ ಹೊದಿಕೆಯುಳ್ಳದ್ದು, ಕ್ಯಾರಬಿನಿಯೇ ಎಂಬ ಸೋದರ ದಳದ್ದು. ಅದರ ಬಲಭಾಗದಲ್ಲಿ ಫಿರಂಗಿಯ ಗುಂಡು ಕೊರೆದ ದೊಡ್ಡ ತೂತು. ಬೆನ್ನಿನ ಹಲಗೆಯಲ್ಲಿ, ಗುಂಡು ಹೊರಬಿದ್ದೆಡೆ, ಲೋಹ ಹರಿದು ಹೊರಕ್ಕೆ ಚಾಚಿದೆ. 1815ರ ಜೂನ್ 18ರಂದು ವಾಟರ್ಲೂ ರಣರಂಗದಲ್ಲಿ ಅದನ್ನು ತೊಟ್ಟಿದ್ದವನು ಆಂತ್ವಾನ್ ಫೋವೋ, ಇಪ್ಪತ್ತಮೂರು ವರ್ಷದ ತರುಣ. ಮದುವೆ ನಿಶ್ಚಯವಾಗಿದ್ದ ಅವನ ಬದಲಿಗೆ ಸೋದರನೇ ಹೋಗಿದ್ದನೆಂದು ಒಂದು ಐತಿಹ್ಯವೂ ಉಂಟು. ಹೆಸರಿನ ವಿಷಯದಲ್ಲಿ ಸಂದೇಹಕ್ಕೆ ಎಡೆಯಿರಬಹುದು, ತೂತಿನ ವಿಷಯದಲ್ಲಿಲ್ಲ.

ಆ ತೂತನ್ನು ಮುಚ್ಚಿ, ಹರಿದ ಅಂಚನ್ನು ಸಮಮಾಡಿ, ತಳತಳಿಸುವಂತೆ ಉಜ್ಜಿದ್ದರೆ ಸಂಗ್ರಹಾಲಯಕ್ಕೆ ಮತ್ತೊಂದು ಸುಂದರ ಕವಚ ದೊರೆಯುತ್ತಿತ್ತು. ತರುಣನೊಬ್ಬನು ಮಾತ್ರ ಎರಡನೆಯ ಸಲ ಸಾಯುತ್ತಿದ್ದನು. ಯಾರೋ ಪುಣ್ಯಾತ್ಮರು ಹಾಗೆ ಮಾಡಲಿಲ್ಲ. ಸಂಗ್ರಾಹಕನ ಧರ್ಮವೆಲ್ಲ ಇಷ್ಟೇ ಇರಬೇಕು: ಕಾಯಲಾರದೆ ಹೋದ ಕವಚವನ್ನು, ಕಾಯಲಾರದೆ ಹೋದ ಗುರುತಿನೊಡನೆಯೇ ಕಾಯುವುದು.