ಇಪ್ಪತ್ತು ಗಜದ ಬೇಟೆ

ಸೆಪ್ಟೆಂಬರ್ 15ರ ಆಸುಪಾಸಿನ ಶನಿವಾರ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಜಿಂಕೆಯ ಬಿಲ್ಲುಬೇಟೆ ಶುರುವಾಗುತ್ತದೆ. ಬಂದೂಕಿನವರ ಸರದಿ ಬರುವುದು ನವೆಂಬರ್ ಕೊನೆಗೆ. ಅದು ಒಂಬತ್ತು ದಿನಗಳ ಗದ್ದಲ. ಬಿಲ್ಲಿನವರಿಗೆ ಹೊಸ ವರ್ಷ ಹುಟ್ಟುವ ತನಕವೂ ಪುರುಸೊತ್ತಿದೆ. ಆದರೂ ಮೊದಲ ದಿನ ಕಾಡಿನಲ್ಲಿರದಿದ್ದರೆ ಅವರಿಗೆ ಸಮಾಧಾನವಿಲ್ಲ. ಇನ್ನೂ ಕತ್ತಲಿರುವಾಗಲೇ ತಲೆದೀಪದ ಬೆಳಕಿನಲ್ಲಿ ನಡೆದು, ಹದಿನೈದಿಪ್ಪತ್ತು ಅಡಿ ಎತ್ತರದಲ್ಲಿ ಮರಕ್ಕೆ ಕಟ್ಟಿದ ಅಟ್ಟಣೆ ಹತ್ತುತ್ತಾರೆ. ಸೊಂಟಕ್ಕೂ ಹೆಗಲಿಗೂ ಪಟ್ಟಿ ಬಿಗಿದು ಅದನ್ನು ಕಾಂಡಕ್ಕೆ ಕಟ್ಟಿಕೊಳ್ಳುತ್ತಾರೆ. ಕೆಳಗೆ ಬಿಟ್ಟುಬಂದ ಬಿಲ್ಲನ್ನು ಹಗ್ಗದಲ್ಲಿ ಮೇಲಕ್ಕೆ ಸೇದಿಕೊಂಡು ಕೂರುತ್ತಾರೆ. ನಮ್ಮ ಮಲೆನಾಡಿನ ಹಳೆಯ ಶಿಕಾರಿಗಳು ಮರಸು ಕೂರುತ್ತಿದ್ದುದೂ ಹೀಗೆಯೇ. ಪಟ್ಟಿಯೊಂದು ಹೊಸದು, ಮತ್ತು ಅದು ಬಹಳ ಮುಖ್ಯ: ಅಟ್ಟಣೆಯಿಂದ ಬಿದ್ದು ಕೈಕಾಲು, ಬೆನ್ನು ಮುರಿದುಕೊಳ್ಳುವುದು ಅಲ್ಲಿನ ಬೇಟೆಗಾರರಿಗೆ ಒದಗುವ ದೊಡ್ಡ ಅಪಾಯಗಳಲ್ಲೊಂದು.

ಮೊದಲ ದಿನದ ಅನುಭವ ಕೇಳಿದರೆ ಹೆಚ್ಚಿನವರು ಹೇಳುವುದು ಸೆಕೆಯ ಮಾತು, ಸೊಳ್ಳೆಯ ಮಾತು. ಸೆಪ್ಟೆಂಬರ್ ಅಲ್ಲಿ ಇನ್ನೂ ಅರೆ ಬೇಸಿಗೆ. ಎಲೆ ಉದುರಿರುವುದಿಲ್ಲ, ಹಸಿರು ದಟ್ಟವಾಗಿರುತ್ತದೆ, ಮೂವತ್ತು ಗಜದಾಚೆ ಏನಿದ್ದರೂ ಕಾಣದು. ಓಕ್ ಮರದ ಕಾಯಿ ಟಪ್ಪನೆ ಬೀಳುತ್ತದೆ, ಎದೆ ಝಲ್ಲೆನ್ನುತ್ತದೆ. ತರಗೆಲೆಯ ಮೇಲೆ ಅಳಿಲು ಓಡಿದರೆ ಜಿಂಕೆಯೇ ಬಂತೆನ್ನಿಸುತ್ತದೆ. ಸೊಳ್ಳೆ ಕಚ್ಚಿದರೂ ಕೈಯೆತ್ತುವಂತಿಲ್ಲ. ಮೂರು ತಾಸು ಕೂತು ಒಂದೂ ಜಿಂಕೆ ಕಾಣದೆ ಇಳಿದು ಬಂದವರೇ ಹೆಚ್ಚು. ಹಾಗೆ ಬಂದವರು ಸಂಜೆಗೆ ಮತ್ತೆ ಅದೇ ಮರ ಹತ್ತುತ್ತಾರೆ.

ಕಾಯುವುದಕ್ಕೂ ಲೆಕ್ಕವಿದೆ. ಬೇಸಿಗೆಯಿಡೀ ಬಿಳಿಬಾಲದ ಗಂಡು ಜಿಂಕೆಗಳು ಸಣ್ಣ ಗುಂಪು ಕಟ್ಟಿಕೊಂಡು ಒಂದೇ ಹೊಲದಂಚಿಗೆ, ಒಂದೇ ಹೊತ್ತಿಗೆ ಮೇಯಲು ಬರುತ್ತವೆ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಅವುಗಳ ಕೊಂಬನ್ನು ಮುಚ್ಚಿದ್ದ ಮಕಮಲ್ಲಿನಂಥ ಚರ್ಮ ಒಣಗುತ್ತದೆ. ಅದನ್ನು ಎಳೆಯ ಗಿಡಗಳಿಗೆ ಉಜ್ಜಿ ಉಜ್ಜಿ ಕಳಚಿಕೊಳ್ಳುತ್ತವೆ. ಹಗಲು ಗಿಡ್ಡವಾಗುತ್ತ ಬಂದಂತೆ ಮೈಯೊಳಗಿನ ರಸಗಳು ಬದಲಾಗಿ, ನಿನ್ನೆಯವರೆಗೂ ಜೊತೆಗಾರರಾಗಿದ್ದ ಗಂಡುಗಳು ಒಂದನ್ನೊಂದು ಸಹಿಸದಾಗುತ್ತವೆ, ಗುಂಪು ಒಡೆಯುತ್ತದೆ. ನವೆಂಬರಿನಲ್ಲಿ ಬೆದೆಯ ಕಾಲ ಬಂದಾಗ ಅವು ಹಗಲು ರಾತ್ರಿಯೆನ್ನದೆ ಅಲೆದಾಡುತ್ತವೆ. ಆಗ ಎಲ್ಲಿಂದ ಯಾವುದು ಬಂದೀತೆಂದು ಯಾರೂ ಹೇಳಲಾರರು. ಋತುವಿನ ಮೊದಲ ದಿನಗಳಲ್ಲಿ ಮಾತ್ರ ಬೇಸಿಗೆಯ ದಿನಚರಿ ಇನ್ನೂ ಅಳಿಸಿರುವುದಿಲ್ಲ. ಆಗಸ್ಟಿನಲ್ಲಿ ದುರ್ಬೀನು ಹಿಡಿದು ಸೋಯಾ ಹೊಲದಂಚು ಕಾದವನಿಗೆ, ಬಿಳಿ ಓಕಿನ ಕಾಯಿ ಕೆಂಪು ಓಕಿನದಕ್ಕಿಂತ ಒಗರು ಕಡಿಮೆ, ಜಿಂಕೆ ಅದನ್ನೇ ಮೊದಲು ಹುಡುಕುತ್ತದೆ ಎಂದು ತಿಳಿದವನಿಗೆ, ಆ ಕೆಲವು ದಿನ ಅವಕಾಶ ಉಂಟು.

ಎಲ್ಲಕ್ಕಿಂತ ದೊಡ್ಡ ಶತ್ರು ಗಾಳಿ. ಜಿಂಕೆ ಕಣ್ಣಿಗಿಂತ ಮೂಗನ್ನು ನಂಬುವ ಪ್ರಾಣಿ. ಬಿಸಿಲೇರಿದಾಗ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹತ್ತುತ್ತದೆ; ಸಂಜೆ ತಂಪಾದಾಗ ಕಣಿವೆಗೆ ಇಳಿಯುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಮರ ಸಂಜೆಗೆ ತಪ್ಪು ಮರ. ಅಟ್ಟಣೆಯ ಮೇಲೆ ಚಿಟಿಕೆ ಪುಡಿಯನ್ನು ಗಾಳಿಗೆ ತೂರಿ ಅದು ಎತ್ತ ಸಾಗುತ್ತದೆಂದು ನೋಡುವುದು ಅಲ್ಲಿನವರ ರೂಢಿ. ಹಿಂದಿನ ದಿನವೇ ಬಟ್ಟೆಯನ್ನು ಸುವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಸೀಡರ್ ಸೊಪ್ಪಿನ ಜೊತೆ ಡಬ್ಬಿಯಲ್ಲಿ ಮುಚ್ಚಿಡುವವರೂ ಇದ್ದಾರೆ.

ಇದೆಲ್ಲ ಅಂಗಡಿಯವರು ಕಲಿಸಿದ್ದೆಂದು ತಿಳಿಯಬೇಕಿಲ್ಲ. 1911ರ ಆಗಸ್ಟ್ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಎಂಬ ಊರಿಗೆ ಹಸಿದು ಬಳಲಿದ ಮನುಷ್ಯನೊಬ್ಬ ಕಾಡಿನಿಂದ ಬಂದ. ಬಿಳಿಯರ ಕಗ್ಗೊಲೆಗಳಲ್ಲಿ ನಾಶವಾದ ಯಾಹಿ ಬುಡಕಟ್ಟಿನ ಕೊನೆಯವನು ಅವನು. ಜಗತ್ತು ಅವನನ್ನು ಇಶಿ ಎಂದು ಕರೆಯಿತು. ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಮ್ಯೂಸಿಯಮ್ಮಿನಲ್ಲಿ ಅವನಿಗೆ ನೆಲೆ ಸಿಕ್ಕಿತು. ಅಲ್ಲಿ ಅವನಿಗೆ ಚಿಕಿತ್ಸೆ ನೀಡುತ್ತಿದ್ದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಅವನಿಂದಲೇ ಬಿಲ್ಲು ಮಾಡುವುದನ್ನೂ ಬಾಣ ಕಟ್ಟುವುದನ್ನೂ ಕಲಿತರು. ಜಿಂಕೆ ಬೇಟೆಗೆ ಮುನ್ನ ಇಶಿ ಮೀನು ಮುಟ್ಟುತ್ತಿರಲಿಲ್ಲ, ಹೊಗೆಸೊಪ್ಪು ಸೇದುತ್ತಿರಲಿಲ್ಲ, ಬೆಳಿಗ್ಗೆ ತೊರೆಯಲ್ಲಿ ಮಿಂದು ಮೈಗೆ ಪರಿಮಳದ ಸೊಪ್ಪು ಉಜ್ಜಿಕೊಳ್ಳುತ್ತಿದ್ದ ಎಂದು ಪೋಪ್ ದಾಖಲಿಸಿದ್ದಾರೆ. 1916ರಲ್ಲಿ ಇಶಿ ಕ್ಷಯದಿಂದ ತೀರಿಕೊಂಡ. 1923ರಲ್ಲಿ ಪೋಪ್ ಬರೆದ ಬಿಲ್ಲುಬೇಟೆಯ ಪುಸ್ತಕ ಅಮೆರಿಕದ ಉದ್ದಗಲಕ್ಕೂ ಹೊಸ ಬಿಲ್ಲುಗಾರರನ್ನು ಹುಟ್ಟುಹಾಕಿತು. ಇಂದು ಈ ಹವ್ಯಾಸವನ್ನು ಪ್ರೀತಿಸುವ ಲಕ್ಷಾಂತರ ಜನ, ತಮ್ಮವರನ್ನೆಲ್ಲ ಕಳೆದುಕೊಂಡ ಆ ಒಬ್ಬನಿಗೆ ಋಣಿಗಳು. ಬಿಲ್ಲಿನ ಚರಿತ್ರೆ ಹೇಳುವಾಗ ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳಬಾರದು.

ಪುಸ್ತಕ ಓದಿ ಬಿಲ್ಲು ಹಿಡಿದವರಿಗೆ ಕಾನೂನಿನಲ್ಲಿ ಜಾಗವಿರಲಿಲ್ಲ. ರೇಸೀನ್ ಪಟ್ಟಣದ ರಾಯ್ ಕೇಸ್ ಮೊದಲಾದವರು ಬೆನ್ನುಬಿದ್ದ ಮೇಲೆ, 1934ರಲ್ಲಿ ವಿಸ್ಕಾನ್ಸಿನ್ ಬಿಲ್ಲಿಗೆಂದೇ ಪ್ರತ್ಯೇಕ ಜಿಂಕೆ ಋತುವನ್ನು ತೆರೆಯಿತು. ಆಧುನಿಕ ಅಮೆರಿಕದಲ್ಲಿ ಅಂಥ ಮೊದಲ ಋತು ಅದು. ಅದೇ ರಾಜ್ಯದ ವಿಶ್ವವಿದ್ಯಾಲಯದಲ್ಲಿ ವನ್ಯಜೀವಿ ನಿರ್ವಹಣೆ ಕಲಿಸುತ್ತಿದ್ದ ಆಲ್ಡೊ ಲಿಯೊಪೋಲ್ಡ್ ತಮ್ಮ ಬಿಲ್ಲನ್ನು ತಾವೇ ಕೆತ್ತಿಕೊಳ್ಳುತ್ತಿದ್ದರು. ಅವರ ಪತ್ನಿ ಎಸ್ಟೆಲಾ ರಾಜ್ಯದ ಮಹಿಳಾ ಬಿಲ್ಲುಗಾರಿಕೆಯಲ್ಲಿ ಚಾಂಪಿಯನ್ ಆಗಿದ್ದವರು.

ಇಂದಿನ ಬಿಲ್ಲು ಬೇರೆ ಬಗೆಯದು. ಮಿಸೌರಿಯ ಹಾಲೆಸ್ ವಿಲ್ಬರ್ ಆಲನ್ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಿ ರಾಟೆಗಳಿವೆ. ಹೆದೆ ಎಳೆಯುತ್ತ ಹೋದಂತೆ ಭಾರ ಒಮ್ಮೆಲೇ ಇಳಿಯುತ್ತದೆ. 60 ಪೌಂಡಿನ ಬಿಲ್ಲಿನಲ್ಲಿ ಶೇ 80ರಷ್ಟು ಭಾರ ಇಳಿಯುವಂತಿದ್ದರೆ, ಪೂರ್ತಿ ಎಳೆದ ಮೇಲೆ ತಡೆದು ಹಿಡಿಯಬೇಕಾದದ್ದು ಬರೀ 12 ಪೌಂಡು. ಗುರಿ ನೋಡುತ್ತ ನಿಲ್ಲಲು ಅಷ್ಟು ಹೊತ್ತು ಸಿಗುತ್ತದೆ. ಆದರೂ ಅದು ಬಂದೂಕಾಗುವುದಿಲ್ಲ. ನೂರಾರು ಗಜ ದೂರದಿಂದ ಬಂದೂಕಿನವನು ಮುಗಿಸುವ ಕೆಲಸಕ್ಕೆ ಬಿಲ್ಲಿನವನು ಇಪ್ಪತ್ತು, ಹೆಚ್ಚೆಂದರೆ ಮೂವತ್ತು ನಲವತ್ತು ಗಜದ ಹತ್ತಿರಕ್ಕೆ ಬರಬೇಕು. ಆ ಅಂತರದಲ್ಲಿ ಜಿಂಕೆಯ ಕಣ್ಣರೆಪ್ಪೆ ಕಾಣುತ್ತದೆ, ಅದು ಕಾಯಿ ಅಗಿಯುವ ಸದ್ದು ಕೇಳುತ್ತದೆ.

ಹತ್ತಿರ ಬಂದ ಹೆಣ್ಣು ಜಿಂಕೆಯ ವರ್ತನೆಯನ್ನು ಬಿಲ್ಲುಬೇಟೆಗಾರರು ಹೇಳುವಾಗ ಕೇಳಬೇಕು. ಏನೋ ಸರಿಯಿಲ್ಲವೆಂದು ಗುಮಾನಿ ಬಂದೊಡನೆ ಅದು ಮುಂಗಾಲಿನಿಂದ ನೆಲ ಗುದ್ದುತ್ತದೆ. ತಲೆ ತಗ್ಗಿಸಿ ಮೇಯುವಂತೆ ನಟಿಸಿ, ಥಟ್ಟನೆ ಎತ್ತಿ ಅಟ್ಟಣೆಯ ಕಡೆಗೇ ನೋಡುತ್ತದೆ. ಹಿಂದೆ ನಿಂತ ಮರಿಯ ಮೈಮೇಲಿನ ಚುಕ್ಕೆಗಳು ಆಗಷ್ಟೇ ಮಾಸುತ್ತಿರುತ್ತವೆ. ಗಾಳಿ ತುಸು ತಿರುಗಿದರೆ ಮುಗಿಯಿತು: ಮೂಗಿನಿಂದ ಜೋರಾಗಿ ಬುಸ್ಸೆಂದು, ಬಾಲವೆತ್ತಿ ಬಿಳಿ ತೋರಿಸುತ್ತ ಹಾರಿಹೋಗುತ್ತದೆ. ಆ ಬುಸ್ಸೆಂಬ ಸದ್ದಿಗೆ ಸುತ್ತಲಿನ ಕಾಡೆಲ್ಲ ಎಚ್ಚರಗೊಳ್ಳುತ್ತದೆ. ಬಿಲ್ಲು ಎಳೆಯಲು ಸಿಗುವ ಸಮಯ ಜಿಂಕೆಯ ತಲೆ ಮರದ ಕಾಂಡದ ಹಿಂದೆ ಮರೆಯಾದ ಆ ಒಂದೆರಡು ಕ್ಷಣ ಮಾತ್ರ.

ಎಳೆದ ಮೇಲೂ ಬಿಡದಿರುವುದೇ ಹೆಚ್ಚು. ಬಾಣದ ವೇಗ ಸೆಕೆಂಡಿಗೆ ಸುಮಾರು 90 ಮೀಟರು. ಹೆದೆಯ ಸದ್ದಿನದು 340 ಮೀಟರು. ಇಪ್ಪತ್ತೈದು ಮೀಟರು ದೂರದ ಜಿಂಕೆಗೆ ಸದ್ದು ಮೊದಲು ತಲುಪುತ್ತದೆ, ಬಾಣ ಆಮೇಲೆ. ನಡುವಿನ ಆ ಸಣ್ಣ ಅವಧಿಯಲ್ಲಿ ಬೆದರಿದ ಜಿಂಕೆ ನೆಗೆಯಲೆಂದು ಕಾಲು ಮಡಚಿ ಮೈ ತಗ್ಗಿಸಿದರೆ ಬಾಣ ಬೆನ್ನ ಮೇಲಿಂದ ಹಾದುಹೋಗುತ್ತದೆ, ಇಲ್ಲವೆ ತಾಗಬಾರದ ಕಡೆ ತಾಗುತ್ತದೆ. ಹಾಗಾಗಿ ಜಿಂಕೆ ನಿರಾಳವಾಗಿ, ಪಕ್ಕ ತೋರಿಸಿ ನಿಂತಾಗ ಮಾತ್ರ ಬಾಣ ಬಿಡಬೇಕೆಂದು ಕಲಿಸುತ್ತಾರೆ. ವಿಸ್ಕಾನ್ಸಿನ್ನಿನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ತರಬೇತಿ ಮುಗಿಸಿಯೇ ಪರವಾನಗಿ ಪಡೆಯಬೇಕು. ಬಿಲ್ಲಿನ ಎಳೆತ 30 ಪೌಂಡಿಗೆ ಕಡಿಮೆಯಿರಬಾರದು, ಬಾಣದ ಅಲಗು ಹರಿತವಾಗಿರಬೇಕು ಎಂಬ ನಿಯಮವೂ ಇದೆ. ಗುರಿಯನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಳ್ಳದೆ ಬಿಡಬೇಡ ಎಂಬುದು ತರಬೇತಿಯ ಮೊದಲ ಪಾಠಗಳಲ್ಲಿ ಒಂದು. ಕೊಡದಲ್ಲಿ ನೀರು ತುಂಬುವ ಸದ್ದಿಗೆ ಆನೆಯೆಂದು ಬಾಣ ಬಿಟ್ಟು ಶ್ರವಣಕುಮಾರನನ್ನು ಕೊಂದ ದಶರಥನ ಕಥೆ ಕೇಳಿ ಬೆಳೆದ ನಮಗೆ ಈ ಪಾಠವನ್ನು ಬಿಡಿಸಿ ಹೇಳಬೇಕಿಲ್ಲ.

ಬಾಣ ತಾಗಿದ ಮೇಲೆ ಶುರುವಾಗುವುದು ಕಷ್ಟದ ಕೆಲಸ. ಗುಂಡು ತನ್ನ ಆಘಾತದಿಂದಲೂ ಕೆಡವುತ್ತದೆ. ಬಾಣ ಕೊಲ್ಲುವುದು ರಕ್ತಸ್ರಾವದಿಂದ. ಆದ್ದರಿಂದ ಕೂಡಲೇ ಬೆನ್ನಟ್ಟಬಾರದು. ಕೆಳಗಿಳಿದು ನೆತ್ತರು ನೋಡಿ ಓದುತ್ತಾರೆ. ತಿಳಿಗೆಂಪಾಗಿ ನೊರೆಯಿದ್ದರೆ ಶ್ವಾಸಕೋಶ. ಜಿಂಕೆ ನೂರಿನ್ನೂರು ಗಜದೊಳಗೇ ಬಿದ್ದಿರುತ್ತದೆ. ಕಡುಗೆಂಪಾಗಿದ್ದರೆ ಯಕೃತ್ತು ಇರಬಹುದು. ಕೆಲವು ತಾಸು ಕಾಯಬೇಕು. ಬಾಣಕ್ಕೆ ಹಸಿರು ಹತ್ತಿ ದುರ್ವಾಸನೆಯಿದ್ದರೆ ಕರುಳು. ಆರೆಂಟು ತಾಸು, ಕೆಲವೊಮ್ಮೆ ಇಡೀ ರಾತ್ರಿ ಕಾಯಬೇಕು. ಅವಸರಪಟ್ಟರೆ ಅದು ಎದ್ದು ಮೈಲಿಗಟ್ಟಲೆ ಹೋಗಿ ಎಲ್ಲೋ ನರಳಿ ಸಾಯುತ್ತದೆ. ಸೆಪ್ಟೆಂಬರಿನಲ್ಲಿ ಇದು ಇನ್ನಷ್ಟು ಬಿಗಿಯಾಗುತ್ತದೆ, ಏಕೆಂದರೆ ಸೆಕೆಗೆ ಮಾಂಸ ಬೇಗ ಕೆಡುತ್ತದೆ.

ಎಲ್ಲ ಜಿಂಕೆಗಳೂ ಸಿಗುವುದಿಲ್ಲ. ಮೇರಿಲ್ಯಾಂಡಿನ ನೌಕಾನೆಲೆಯೊಂದರಲ್ಲಿ 1989ರಿಂದ 2006ರವರೆಗೆ ಇಟ್ಟ ಲೆಕ್ಕದಂತೆ ಬಾಣ ತಾಗಿದ ಜಿಂಕೆಗಳಲ್ಲಿ ಶೇ 18ರಷ್ಟು ಬೇಟೆಗಾರರ ಕೈಗೆ ಸಿಗಲಿಲ್ಲ. ಅವರು ಗುರಿಯ ಪರೀಕ್ಷೆ ಪಾಸಾಗಿದ್ದ ಬಿಲ್ಲುಗಾರರು ಎಂಬುದನ್ನು ನೆನಪಿಡಬೇಕು. ಬಿಲ್ಲುಬೇಟೆಯನ್ನು ವಿರೋಧಿಸುವವರ ಬಲವಾದ ವಾದ ಇದೇ, ಅದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಮೊದಲ ದಿನದ ಅನುಭವ ಹಂಚಿಕೊಳ್ಳುವಾಗ ಅನುಭವಸ್ಥರ ದನಿ ತಗ್ಗುವುದೂ ಇಲ್ಲಿಯೇ. ದೊಡ್ಡ ಕೊಂಬಿನ ಕಥೆಗಿಂತ, ಸಿಗದೆಹೋದ ಜಿಂಕೆಯ ಕಥೆ ಅವರಿಗೆ ಹೆಚ್ಚು ವಿವರವಾಗಿ ನೆನಪಿರುತ್ತದೆ. ಈಗ ಹಲವು ರಾಜ್ಯಗಳಲ್ಲಿ ಹಗ್ಗ ಕಟ್ಟಿದ ನಾಯಿಗಳಿಂದ ನೆತ್ತರಿನ ಜಾಡು ಹಿಡಿಸಲು ಅವಕಾಶವಿದೆ. ಕೇಳಿದವರ ನೆರವಿಗೆ ಅಪರಾತ್ರಿಯಲ್ಲೂ ಹೊರಡುವ ಸ್ವಯಂಸೇವಕರಿದ್ದಾರೆ.

ಇಷ್ಟಾಗಿಯೂ ಸರ್ಕಾರ ಬೇಟೆಗೆ ಏಕೆ ಬಾಗಿಲು ತೆರೆಯುತ್ತದೆ? ಇಪ್ಪತ್ತನೆಯ ಶತಮಾನ ಹುಟ್ಟುವ ಹೊತ್ತಿಗೆ ಮಾರುಕಟ್ಟೆಗಾಗಿ ನಡೆದ ಬೇಟೆಯಿಂದ ಇಡೀ ಅಮೆರಿಕದಲ್ಲಿ ಬಿಳಿಬಾಲದ ಜಿಂಕೆ ಸುಮಾರು ಐದು ಲಕ್ಷಕ್ಕೆ ಇಳಿದಿತ್ತು. ಇಂದು ಅಂದಾಜು ಮೂರು ಕೋಟಿ. ಬೇಟೆಯ ಮಾಂಸದ ವ್ಯಾಪಾರ ನಿಂತಿತು, ಋತು ಮತ್ತು ಮಿತಿ ಬಂದವು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು-ಮದ್ದುಗುಂಡಿನ ಮೇಲಿನ ಸುಂಕವನ್ನು ವನ್ಯಜೀವಿಗಳಿಗೇ ಮೀಸಲಿಟ್ಟಿತು; 1972ರ ತಿದ್ದುಪಡಿಯಲ್ಲಿ ಬಿಲ್ಲಿನ ಸಾಮಗ್ರಿಯೂ ಸೇರಿತು. ಇತ್ತ ತೋಳ, ಪ್ಯೂಮಾಗಳನ್ನು ಮನುಷ್ಯ ಮುಗಿಸಿಬಿಟ್ಟಿದ್ದರಿಂದ ಹೊಲಗದ್ದೆಯ ಸೀಮೆಯಲ್ಲಿ ಜಿಂಕೆಯನ್ನು ತಿನ್ನುವ ದೊಡ್ಡ ಪ್ರಾಣಿಗಳೇ ಇಲ್ಲವೆನ್ನಬಹುದು. ಜಿಂಕೆ ಹೆಚ್ಚಾದ ಕಾಡಿನಲ್ಲಿ ಓಕ್ ಸಸಿ ಮೊಣಕಾಲೆತ್ತರ ದಾಟುವುದಿಲ್ಲ. ಹೆಣ್ಣು ಜಿಂಕೆಗಳನ್ನೂ ಹೊಡೆಯಬೇಕೆಂದು 1940ರ ದಶಕದಲ್ಲಿ ಲಿಯೊಪೋಲ್ಡ್ ವಾದಿಸಿದಾಗ ವಿಸ್ಕಾನ್ಸಿನ್ನಿನ ಜನ ಅವರ ಮೇಲೆ ಕೆಂಡ ಕಾರಿದ್ದರು. ಈಗ ಆ ಮಾತು ಪಠ್ಯಪುಸ್ತಕದಲ್ಲಿದೆ. ಗುಂಡು ಹಾರಿಸಲಾಗದ ನಗರದಂಚಿನ ಬಡಾವಣೆಗಳಲ್ಲಂತೂ ಬಿಲ್ಲೇ ಗತಿ. ಮ್ಯಾಡಿಸನ್, ಷಿಕಾಗೋ ಕಡೆ ಮನೆ ಮಾಡಿ ಹಿತ್ತಲಲ್ಲಿ ಅವರೆ, ಮೆಂತ್ಯ ಹಾಕಿದ ಕನ್ನಡಿಗರಿಗೆ ಜಿಂಕೆಯ ಕಾಟ ಏನೆಂದು ಗೊತ್ತು. ಸಂಜೆ ಹೊತ್ತು ಕಾರಿಗೆ ಅಡ್ಡಬಂದಾಗಿನ ಭಯವೂ ಗೊತ್ತು.

ಇದನ್ನೇ ಬಂಡೀಪುರಕ್ಕೆ ತಂದು ಹೋಲಿಸಿದರೆ ತಪ್ಪಾಗುತ್ತದೆ. ಅಲ್ಲಿನ ಚುಕ್ಕೆ ಜಿಂಕೆಯನ್ನೂ ಕಡವೆಯನ್ನೂ ತಿನ್ನಲು ಹುಲಿಯಿದೆ, ಚಿರತೆಯಿದೆ, ಸೀಳುನಾಯಿಯಿದೆ. ಒಂದು ಕಾಲಕ್ಕೆ ಮೈಸೂರು ಅರಸರ ಬೇಟೆಯ ಕಾಡಾಗಿದ್ದ ಆ ಸೀಮೆ 1973ರಲ್ಲಿ ಹುಲಿ ಯೋಜನೆಗೆ ಸೇರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ನಮ್ಮ ಕಾಡಿಗೆ ಅದೇ ಸರಿ. ವಿಸ್ಕಾನ್ಸಿನ್ನಿನವರು ಬಿಲ್ಲು ಹಿಡಿದು ಮಾಡುವುದನ್ನು ಇಲ್ಲಿ ಸೀಳುನಾಯಿ ಸಂಬಳವಿಲ್ಲದೆ ಮಾಡುತ್ತಿದೆ.

ವಿಸ್ಕಾನ್ಸಿನ್ನಿನ ಬೇಟೆಗಾರರ ಇತ್ತೀಚಿನ ಚಿಂತೆ ಬೇರೆಯೇ ಇದೆ. 1967ರಲ್ಲಿ ಕೊಲರಾಡೊದ ಸಾಕು ಜಿಂಕೆಗಳಲ್ಲಿ ಮೊದಲು ಕಂಡ, ಮೆದುಳನ್ನು ತೂತುಬೀಳಿಸಿ ಜಿಂಕೆಯನ್ನು ಸೊರಗಿಸಿ ಕೊಲ್ಲುವ ರೋಗವೊಂದು 2002ರಲ್ಲಿ ವಿಸ್ಕಾನ್ಸಿನ್ನಿನಲ್ಲಿ ಪತ್ತೆಯಾಯಿತು. ಅದರ ಮೂಲ ಪ್ರಿಯಾನ್ ಎಂಬ ಕೆಟ್ಟ ಪ್ರೋಟೀನು. ಬೇಯಿಸಿದರೂ ನಾಶವಾಗದು, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೆ ತಗುಲಿದ್ದು ಈವರೆಗೆ ದೃಢಪಟ್ಟಿಲ್ಲ. ಆದರೂ ರೋಗವಿದ್ದ ಜಿಂಕೆಯ ಮಾಂಸ ತಿನ್ನಬೇಡಿ ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಕೇಂದ್ರ. ಹೀಗಾಗಿ ಮೊದಲ ದಿನ ಜಿಂಕೆ ಸಿಕ್ಕವನಿಗೆ ಸಂಭ್ರಮದ ಜೊತೆ ಒಂದಷ್ಟು ಕೆಲಸವೂ ಬೀಳುತ್ತದೆ. ಮರುದಿನ ಸಂಜೆ ಐದರೊಳಗೆ ಫೋನಿನಲ್ಲೋ ಆನ್‌ಲೈನಿನಲ್ಲೋ ನೋಂದಾಯಿಸಬೇಕು. ರೋಗವಿರುವ ಜಿಲ್ಲೆಯಾದರೆ ಕುತ್ತಿಗೆ ಸಮೇತ ತಲೆಯನ್ನು ಕತ್ತರಿಸಿ, ಚೀಟಿ ಕಟ್ಟಿ, ಸರ್ಕಾರ ಇಟ್ಟಿರುವ ಪೆಟ್ಟಿಗೆಗೆ ಹಾಕಿ ಬರುವಂತೆ ಸಲಹೆಯಿದೆ. ಪರೀಕ್ಷೆಗೆ ದುಡ್ಡು ಕೊಡಬೇಕಿಲ್ಲ. ಮಾಂಸವನ್ನು ತುಂಡು ಮಾಡಿ, ಯಾವ ಜಿಂಕೆಯದೆಂದು ಪೊಟ್ಟಣದ ಮೇಲೆ ಬರೆದು ಫ್ರೀಜರಿಗೆ ಸೇರಿಸುತ್ತಾರೆ. ಫಲಿತಾಂಶ ಬರುವ ತನಕ ಮನೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ.