ತಂತ್ರಾಂಶದಲ್ಲಿ ಪ್ರಕ್ಷೇಪ

ಹಳೆಯ ಕಾವ್ಯವೊಂದನ್ನು ಸಂಪಾದಿಸಲು ಹೊರಟವರ ಮುಂದೆ ಮೊದಲು ನಿಲ್ಲುವ ಪ್ರಶ್ನೆ ಇದು: ಕೈಯಲ್ಲಿರುವ ಓಲೆಯ ಪ್ರತಿ ಯಾವ ಪ್ರತಿಯಿಂದ ಹುಟ್ಟಿತು? ನಡುವೆ ಯಾರಾದರೂ ತಮ್ಮದೊಂದು ಪದ್ಯವನ್ನು ಸೇರಿಸಿದರೆ? ಹೀಗೆ ಸೇರಿದ್ದನ್ನು ಪ್ರಕ್ಷಿಪ್ತವೆನ್ನುತ್ತೇವೆ. ಇದೇ ಪ್ರಶ್ನೆ ಇಂದು ಕಂಪ್ಯೂಟರಿನ ಲೋಕದಲ್ಲಿಯೂ ಎದ್ದಿದೆ.

ಕಂಪ್ಯೂಟರಿಗೆ ಕೊಡುವ ಆದೇಶಗಳನ್ನು ಮನುಷ್ಯರು ಓದಬಲ್ಲ ಭಾಷೆಯೊಂದರಲ್ಲಿ ಬರೆಯುತ್ತಾರೆ. ಅದು ಮೂಲಪಾಠ. ಕಂಪೈಲರ್ ಎಂಬ ಸಾಧನವು ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸುತ್ತದೆ. ನಾವು ಬಳಸುವುದು ಈ ಎರಡನೆಯ ರೂಪವನ್ನು. ಮುಕ್ತ ತಂತ್ರಾಂಶದಲ್ಲಿ ಮೂಲಪಾಠವನ್ನು ಎಲ್ಲರ ಪರಿಶೀಲನೆಗೆ ತೆರೆದಿಟ್ಟಿರುತ್ತಾರೆ.

ಪದೇ ಪದೇ ಬೇಕಾಗುವ ಕೆಲಸಗಳನ್ನು ಒಮ್ಮೆ ಬರೆದು ಒಂದೆಡೆ ಕೂಡಿಸಿಟ್ಟರೆ ಅದು ಲೈಬ್ರರಿ. ಊರಿನವರೆಲ್ಲ ನೀರು ಸೇದುವ ಬಾವಿಯಂತೆ ಹಲವು ತಂತ್ರಾಂಶಗಳು ಅದನ್ನು ಹಂಚಿಕೊಳ್ಳುತ್ತವೆ. ಲೈಬ್ರರಿ ಬದಲಾದಾಗಲೆಲ್ಲ ಅದರ ಆವೃತ್ತಿಗೆ ಹೊಸ ಸಂಖ್ಯೆ. ಬಹಳ ಮಂದಿ ಪಾಲಿಸುವ ರೂಢಿಯಲ್ಲಿ ಈ ಸಂಖ್ಯೆಗೆ ಮೂರು ಭಾಗಗಳು. ಕೊನೆಯದು ಬದಲಾದರೆ ತಪ್ಪನ್ನು ತಿದ್ದಿದ್ದಾರೆ. ನಡುವಿನದು ಬದಲಾದರೆ ಹೊಸದೇನೋ ಸೇರಿದೆ, ಹಳೆಯದು ಕೆಟ್ಟಿಲ್ಲ. ಮೊದಲನೆಯದು ಬದಲಾದರೆ ಅದನ್ನು ನೆಚ್ಚಿದ ತಂತ್ರಾಂಶಗಳೂ ಬದಲಾಗಬೇಕಾದೀತು. ನಮ್ಮ ಪ್ರಕಾಶಕರು ಮರುಮುದ್ರಣವನ್ನೂ ಪರಿಷ್ಕೃತ ಆವೃತ್ತಿಯನ್ನೂ ಬೇರೆ ಬೇರೆಯಾಗಿ ಹೆಸರಿಸುವುದು ಇಂಥದೇ ಕಾರಣಕ್ಕೆ.

ಆದರೆ ಸಂಖ್ಯೆಯು ಬರಿಯ ಒಂದು ಮಾತು. ಕೊಟ್ಟವರು ಪ್ರಾಮಾಣಿಕರಾಗಿದ್ದರೆ ಮಾತ್ರ ಅದಕ್ಕೆ ಬೆಲೆ. 2024ರ ಪ್ರಕರಣವೊಂದು ಇದನ್ನು ತೋರಿಸಿಕೊಟ್ಟಿತು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಮುಕ್ತ ತಂತ್ರಾಂಶವನ್ನು ಬಹುಕಾಲದಿಂದ ಸ್ವಯಂಸೇವಕರೊಬ್ಬರು ನೋಡಿಕೊಳ್ಳುತ್ತಿದ್ದರು. ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಬಂದ ವ್ಯಕ್ತಿ 2021ರಿಂದ ಅವರಿಗೆ ನೆರವಾಗಿ, ವಿಶ್ವಾಸ ಗಳಿಸಿ, ಹೊಸ ಆವೃತ್ತಿಗಳನ್ನು ಹೊರತರುವ ಅಧಿಕಾರ ಪಡೆದ. 5.6.0 ಮತ್ತು 5.6.1 ಎಂಬ ಆವೃತ್ತಿಗಳು 2024ರಲ್ಲಿ ಹೊರಬಂದವು. ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಕೇಡಿನ ಬೀಜವಿತ್ತು. ಅದನ್ನು ಮೊಳೆಯಿಸುವ ಸಾಲುಗಳು ಸಾರ್ವಜನಿಕರು ಓದುತ್ತಿದ್ದ ಮೂಲಪಾಠದಲ್ಲಿ ಇರಲಿಲ್ಲ. ಹಂಚಲೆಂದು ಕಟ್ಟಿಟ್ಟ ಪ್ರತಿಯಲ್ಲಿ ಮಾತ್ರ ಇದ್ದವು. ಆ ಪ್ರತಿಯಿಂದ ಕೆಲವು ಲಿನಕ್ಸ್ ವ್ಯವಸ್ಥೆಗಳಿಗಾಗಿ ಲೈಬ್ರರಿಯನ್ನು ಸಿದ್ಧಪಡಿಸಿದಾಗ, ದೂರದಿಂದ ಕಂಪ್ಯೂಟರನ್ನು ಪ್ರವೇಶಿಸುವ ಬಾಗಿಲಿಗೆ ಒಂದು ಕಳ್ಳಕೀಲಿ ಸಿದ್ಧವಾಗುತ್ತಿತ್ತು.

ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ವ್ಯವಸ್ಥೆಯ ನಿರ್ಮಾಪಕರಲ್ಲೊಬ್ಬರಾದ ಆಂಡ್ರೆಸ್ ಫ್ರಾಯಿಂಡ್ ಎಂಬವರಿಗೆ ಈ ಪ್ರವೇಶ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿರುವುದು ಕಂಡಿತು. ಅವರು ಅದನ್ನು ಅಲಕ್ಷಿಸದೆ ಕಾರಣವನ್ನು ಹುಡುಕುತ್ತ ಹೋಗಿ, ಮಾರ್ಚ್ 29ರಂದು ವಿಷಯವನ್ನು ಬಹಿರಂಗಪಡಿಸಿದರು. ದುಷ್ಟ ಪ್ರತಿ ಹೆಚ್ಚಾಗಿ ಪ್ರಯೋಗಾವಸ್ಥೆಯ ವ್ಯವಸ್ಥೆಗಳನ್ನಷ್ಟೇ ತಲುಪಿತ್ತು. ಅಲ್ಲಿ ಹಳೆಯ ಆವೃತ್ತಿಗೆ ಮರಳಿದರು.

ಮೂಲದಿಂದಲೇ ಕಟ್ಟಿಕೊಂಡೆವು ಎಂದು ನೆಮ್ಮದಿಯಿಂದಿರುವವರು ಇದನ್ನು ಗಮನಿಸಬೇಕು. ಯಾವ ಮೂಲದಿಂದ ಎಂಬುದು ಮುಖ್ಯ. ಹಂಚುವ ಪ್ರತಿಯನ್ನು ತೆರೆದ ಮೂಲದೊಡನೆ ಸಾಲುಸಾಲಾಗಿ ತಾಳೆ ನೋಡಬೇಕು. ಬಳಸಿದ ಪ್ರತಿಯೊಂದು ಲೈಬ್ರರಿಯ ಆವೃತ್ತಿಯನ್ನೂ ಬರೆದಿಡಬೇಕು. ಒಂದೇ ಮೂಲದಿಂದ, ಒಂದೇ ಬಗೆಯ ಸಾಧನಗಳಿಂದ, ಬೇರೆ ಬೇರೆಯವರು ಕಟ್ಟಿದರೂ ಅಕ್ಷರಶಃ ಒಂದೇ ಫಲ ದೊರೆಯುವಂತೆ ಮಾಡಬೇಕು; ಆಗ ನಡುವೆ ಸೇರಿದ ಕೈ ಬಯಲಾಗುತ್ತದೆ. ಡೆಬಿಯನ್ ಬಳಗವು 2013ರಿಂದ ಈ ದಿಕ್ಕಿನಲ್ಲಿ ಶ್ರಮಿಸುತ್ತಿದೆ.

ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ದಾಖಲಿಸುವ ಸಂಪಾದಕನಿಗೆ ಕವಿಯ ಕೀರ್ತಿ ದೊರೆಯುವುದಿಲ್ಲ. ಆದರೂ ನಾವು ಓದುತ್ತಿರುವುದು ಕವಿಯ ಮಾತನ್ನೇ ಎಂಬ ಭರವಸೆ ನಮಗೆ ಬರುವುದು ಅವನಿಂದ. ತಂತ್ರಾಂಶದ ಲೋಕಕ್ಕೂ ಅಂಥವರು ಬೇಕು. ಎಕ್ಸ್‌ಜೆಡ್‌ನ ಆ ಸ್ವಯಂಸೇವಕರಂತೆ ಅವರು ಒಂಟಿಯಾಗಿ ಉಳಿಯಬಾರದು.